ಗಾಳಿ ಹೋದ ದಾರಿ

ನನ್ನ ಭಾವಮೈದ ಬೆಳಿಗ್ಗೆ ಎದ್ದು ಮುಖ ತೊಳೆಯುವುದಕ್ಕೂ ಮೊದಲು ಮಾಡುವ ಕೆಲಸ ಒಂದಿದೆ. ಕೈಯಲ್ಲೊಂದು ಸುತ್ತಿಗೆ ಹಿಡಿದು ಟ್ರೈಲರಿನ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಾ ಪ್ರತಿ ಟೈರಿಗೂ ಒಂದೊಂದು ಏಟು ಕೊಡುತ್ತಾನೆ. ಗಾಳಿ ತುಂಬಿದ ಟೈರು ಏಟನ್ನು ಪುಟಿಸಿ ‘ಟಣ್’ ಅನ್ನುತ್ತದೆ. ಇಳಿದ ಟೈರು ‘ಡೊಬ್’ ಎಂದು ನುಂಗಿಕೊಳ್ಳುತ್ತದೆ. ಅವನು ಕಣ್ಣಿಗಿಂತ ಕಿವಿಯನ್ನು ನಂಬುವುದಕ್ಕೆ ಕಾರಣವಿದೆ. ಟ್ರೈಲರಿನ ಅಚ್ಚಿಗೆ ಆಚೆ ಈಚೆ ಜೋಡಿ ಚಕ್ರ. ಒಳಗಿನ ಚಕ್ರ ಪೂರ್ತಿ ಕೂತುಬಿಟ್ಟರೂ ಹೊರಗಿನದು ಹೊರೆ ಹೊತ್ತುಕೊಂಡು ನೆಟ್ಟಗೆ ನಿಂತಿರುತ್ತದೆ. ದೂರದಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ.

ಮೂಗೂರಿನ ಅಮ್ಮನ ಜಾತ್ರೆಗೆ ಇನ್ನು ಕೆಲವೇ ದಿನ ಇದ್ದಾಗ, ಹಿಂದಿನ ಅಚ್ಚಿನ ಎಡಗಡೆಯ ಒಳಚಕ್ರ ‘ಡೊಬ್’ ಅನ್ನತೊಡಗಿತು. ಚಾಮರಾಜನಗರದ ಕಡೆಯಿಂದ ಕರಿಕಲ್ಲಿನ ದಿಮ್ಮಿ ಹೇರಿಕೊಂಡು ಬರುವ ಗಾಡಿ ಅದು. ರಾತ್ರಿ ಮೂಗೂರಿನಲ್ಲಿ ಮನೆಯೂಟ ಮಾಡಿ ಮಲಗಿ, ಬೆಳಗಿನ ಜಾವ ತಿರುಮಕೂಡಲು ನರಸೀಪುರದ ಕಡೆ ಹೊರಡುವುದು ಅವನ ರೂಢಿ. ರಾತ್ರಿ 110 ಪೌಂಡು ಇದ್ದ ಗಾಳಿ ಬೆಳಿಗ್ಗೆ 60ಕ್ಕೆ ಇಳಿದಿರುತ್ತಿತ್ತು.

ಊರಿನ ಹತ್ತಿರವೇ ಪಂಚರ್ ಅಂಗಡಿ. ನಡೆಸುವವರು ವಯನಾಡಿನ ಕಡೆಯಿಂದ ಬಂದು ಇಲ್ಲೇ ನೆಲೆಸಿದ ಕಾಕಾ. ಕೋಳಿಕ್ಕೋಡಿನಿಂದ ಮೈಸೂರಿನ ಮೇಲೆ ಕೊಳ್ಳೇಗಾಲಕ್ಕೆ ಬರುವ 766ನೇ ಹೆದ್ದಾರಿಯಲ್ಲಿ ಇಂಥ ಕಾಕಾಗಳ ಅಂಗಡಿ ಎಷ್ಟೋ ಇವೆ. ಮೊದಲ ದಿನ ಕಾಕಾ ಬೆರಳ ತುದಿಗೆ ಎಂಜಲು ಮಾಡಿಕೊಂಡು ವಾಲ್ವಿನ ಬಾಯಿಗೆ ಒತ್ತಿದರು. ಗುಳ್ಳೆ ಏಳಲಿಲ್ಲ. ಆದರೂ ಇರಲಿ ಎಂದು ಒಳಗಿನ ಪಿನ್ನು ಬದಲಿಸಿದರು. ಎರಡನೇ ದಿನ ಚಕ್ರ ಬಿಚ್ಚಿ ಟೈರು ಕಳಚಿ, ಒಳಮೈಗೆ ಬಟ್ಟೆ ಆಡಿಸಿದರು. ಮೊಳೆ ಇದ್ದರೆ ಬಟ್ಟೆ ಸಿಕ್ಕಿಕೊಳ್ಳಬೇಕು, ಸಿಕ್ಕಲಿಲ್ಲ. ಮೂರನೇ ದಿನ ಟೈರಿನ ಅಂಚು ಕೂರುವ ಜಾಗವನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತುಕ್ಕು ತೆಗೆದರು. ವಾಲ್ವಿನ ಬುಡದ ರಬ್ಬರನ್ನೂ ಹೊಸದು ಮಾಡಿದರು. ಜಾಕಿಯ ಮೇಲೆ ಎತ್ತಿ, ಸೋಪಿನ ನೀರು ಸುರಿದು, ಚಕ್ರವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಒಂದೇ ಒಂದು ಗುಳ್ಳೆ ಇಲ್ಲ. ನಾಲ್ಕನೇ ಬೆಳಿಗ್ಗೆ ಮತ್ತೆ ‘ಡೊಬ್’.

“ಅಣ್ಣಾ, ಟೈರಿಗೆ ಏನೂ ಆಗಿಲ್ಲ. ಗಾಳಿ ಎಲ್ಲಿ ಹೋಗುತ್ತೋ ಪಡಚ್ಚೋನಿಗೇ ಗೊತ್ತು,” ಎಂದು ಕಾಕಾ ಕೈ ಚೆಲ್ಲಿದರು.

ಓದಿದವನು ಎಂಬ ಜಂಬದಿಂದ ನಾನೊಂದು ಮಾತು ಆಡಿದೆ: ಪುಷ್ಯಮಾಸದ ಚಳಿ, ಗಾಳಿ ಕುಗ್ಗಿರಬಹುದು. ಮಾತು ಸುಳ್ಳಲ್ಲ. ಆದರೆ ಲೆಕ್ಕ ಹಾಕಿದರೆ ನಾಚಿಕೆಯಾಗುತ್ತದೆ. ಹವೆ 10 ಡಿಗ್ರಿ ತಣ್ಣಗಾದರೆ 110 ಪೌಂಡು ಗಾಳಿ ಇಳಿಯುವುದು ಸುಮಾರು 4 ಪೌಂಡು. ಐವತ್ತು ಪೌಂಡು ಕುಗ್ಗಬೇಕಾದರೆ ಮೂಗೂರಿನಲ್ಲಿ ಹಿಮಾಲಯದ್ದನ್ನೂ ಮೀರಿಸುವ ಚಳಿ ಬೀಳಬೇಕು.

ಇಲ್ಲೊಂದು ಹಳೆಯ ಕತೆಗೆ ಹೋಗಿಬರಬೇಕು. ಟೈರಿನಲ್ಲಿ ತೂತು ಹುಡುಕುವ ಕಲೆ ಟೈರಿನಷ್ಟೇ ಹಳೆಯದು. ಟೈರು ಕೂರುವ ಕಬ್ಬಿಣದ ಡಿಸ್ಕಿನಲ್ಲಿ ತೂತು ಹುಡುಕುವ ಕಲೆ ಆಮೇಲೆ ಬಂದದ್ದು.

ಗಾಳಿ ತುಂಬಿದ ಚಕ್ರವನ್ನು ಮೊದಲು ಕಂಡುಹಿಡಿದವನು ಡನ್ಲಪ್ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅವನಿಗಿಂತ ನಾಲ್ಕು ದಶಕ ಮೊದಲೇ, 1845ರಲ್ಲಿ, ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇಂಜಿನಿಯರು ಅದಕ್ಕೆ ಪೇಟೆಂಟ್ ಪಡೆದಿದ್ದ. ರಬ್ಬರು ಬಳಿದ ಬಟ್ಟೆಯ ಕೊಳವೆ, ಅದರ ಮೇಲೆ ತೊಗಲಿನ ಹೊದಿಕೆ. ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಕುದುರೆ ಗಾಡಿಗೆ ಕಟ್ಟಿ ಓಡಿಸಿಯೂ ತೋರಿಸಿದ. ಆಗ ಸೈಕಲ್ಲೂ ಇರಲಿಲ್ಲ, ಮೋಟಾರೂ ಇರಲಿಲ್ಲ, ಜನ ನೋಡಿ ಮರೆತರು. 1888ರಲ್ಲಿ ಬೆಲ್‌ಫಾಸ್ಟಿನ ದನದ ಡಾಕ್ಟರು ಜಾನ್ ಬಾಯ್ಡ್ ಡನ್ಲಪ್ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನೇ ಮತ್ತೆ ಕಂಡುಹಿಡಿದ. ಎರಡು ವರ್ಷ ಕಳೆಯುವುದರೊಳಗೆ ಥಾಮ್ಸನ್ನನ ಹಳೆಯ ಕಾಗದ ಬೆಳಕಿಗೆ ಬಂದು ಡನ್ಲಪ್ಪನ ಪೇಟೆಂಟ್ ಬಿದ್ದುಹೋಯಿತು.

ಡನ್ಲಪ್ಪನ ಟೈರನ್ನು ಚಕ್ರಕ್ಕೆ ಅಂಟಿಸಿಬಿಡುತ್ತಿದ್ದರು. 1889ರಲ್ಲಿ ಫ್ರಾನ್ಸಿನ ಕ್ಲೆರ್ಮೊಂ-ಫೆರಾಂಡಿನಲ್ಲಿ ಮಿಶೆಲಿನ್ ಸಹೋದರರ ರಬ್ಬರು ಕಾರ್ಖಾನೆಗೆ ಒಬ್ಬ ಸೈಕಲ್ ಸವಾರ ಇಂಥದೊಂದು ಪಂಚರಾದ ಟೈರು ತಂದ. ಕಿತ್ತು ಸರಿಮಾಡುವುದಕ್ಕೆ ಮೂರು ಗಂಟೆ, ಅಂಟು ಒಣಗುವುದಕ್ಕೆ ಒಂದು ರಾತ್ರಿ. ಮಾರನೇ ದಿನ ಸವಾರಿ ಹೊರಟರೆ ಸ್ವಲ್ಪ ದೂರದಲ್ಲೇ ಮತ್ತೆ ಠುಸ್. ಈ ತಾಪತ್ರಯದಿಂದಲೇ ಕಳಚಿ ಹಾಕುವ ಟೈರು ಹುಟ್ಟಿತು. 1891ರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಪಂದ್ಯವನ್ನು ಶಾರ್ಲ್ ತೆರೋಂ ಗೆದ್ದದ್ದು ಅದರ ಮೇಲೆ. ಇದೇ ಹೊತ್ತಿಗೆ ಇಂಗ್ಲೆಂಡಿನ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್, ಟೈರಿನ ಅಂಚಿಗೆ ತಂತಿ ಹಾಕಿ, ಚಕ್ರದ ಬಳೆಯ ನಡುವೆ ಒಂದು ಹಳ್ಳ ಬಿಡುವ ಉಪಾಯ ಹೂಡಿದ. ಅಂಚಿನ ಒಂದು ಮಗ್ಗುಲನ್ನು ಹಳ್ಳಕ್ಕೆ ಇಳಿಸಿದರೆ ಇನ್ನೊಂದು ಮಗ್ಗುಲು ಸಲೀಸಾಗಿ ಹೊರಬರುತ್ತದೆ. ಕಾಕಾ ಟೈರ್ ಲಿವರ್ ಹಾಕಿ ಎರಡು ಮೀಟುಗಳಲ್ಲಿ ಟೈರು ಎಬ್ಬಿಸುವಾಗ ನೆರವಿಗೆ ಬರುವುದು ಈ ಹಳ್ಳವೇ. ಕಾಕಾರಿಗೆ ವೆಲ್ಚ್ ಯಾರೆಂದು ತಿಳಿಯಬೇಕಾಗಿಲ್ಲ, ಹಳ್ಳ ಎಲ್ಲಿದೆ ಎಂದು ತಿಳಿದರೆ ಸಾಕು.

ಇಷ್ಟು ದಿನವೂ ಗಾಳಿ ಇರುತ್ತಿದ್ದದ್ದು ಟ್ಯೂಬಿನಲ್ಲಿ. ಡಿಸ್ಕು ಬರೀ ಕೂರುವ ಮಣೆ. ಮಣೆ ಬಿರುಕು ಬಿಟ್ಟರೆ ಕೂತವನ ಹೊಟ್ಟೆಯೇನೂ ತೂತಾಗುವುದಿಲ್ಲವಲ್ಲ. ಅಮೆರಿಕದ ಆಕ್ರನ್ನಿನಲ್ಲಿ ಗುಡ್‌ರಿಚ್ ಕಂಪನಿಯ ಫ್ರಾಂಕ್ ಹರ್ಜೆ 1946ರಲ್ಲಿ ಟ್ಯೂಬಿಲ್ಲದ ಟೈರಿಗೆ ಪೇಟೆಂಟ್ ಕೇಳಿದ, 1952ರಲ್ಲಿ ಸಿಕ್ಕಿತು. ಟ್ಯೂಬು ಹೋದ ದಿನವೇ ಡಿಸ್ಕು ಮಣೆಯಾಗಿದ್ದದ್ದು ಪಾತ್ರೆಯಾಯಿತು. ಗಾಳಿಯ ಅರ್ಧ ಗೋಡೆ ರಬ್ಬರು, ಇನ್ನರ್ಧ ಕಬ್ಬಿಣ. ನಮ್ಮ ಕಡೆಯ ಪಂಚರ್ ಅಂಗಡಿಗಳಿಗೆ ಈ ಬದಲಾವಣೆ ನಿಧಾನವಾಗಿ ಬಂತು. ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುವ ಟ್ರಾಕ್ಟರ್ ಟ್ರೈಲರುಗಳಲ್ಲಿ ಇವತ್ತಿಗೂ ಹೆಚ್ಚಾಗಿ ಟ್ಯೂಬು, ಫ್ಲಾಪು, ಲಾಕ್ ರಿಂಗೇ. ಅವುಗಳಲ್ಲಿ ಗಾಳಿ ಹೋದರೆ ಟ್ಯೂಬನ್ನು ತೊಟ್ಟಿಯ ನೀರಿಗೆ ಅದ್ದಿದರೆ ಮುಗಿಯಿತು. ಆ ಅಭ್ಯಾಸದ ಕೈ ಟ್ಯೂಬ್‌ಲೆಸ್ ಚಕ್ರದಲ್ಲೂ ಮೊದಲು ರಬ್ಬರನ್ನೇ ಹುಡುಕುತ್ತದೆ. ನಾಲ್ಕು ದಿನ ನಾವು ಮಾಡಿದ್ದೂ ಅದನ್ನೇ.

ಐದನೇ ದಿನ ದೊಡ್ಡಪ್ಪ ಬಂದರು.

ದೊಡ್ಡಪ್ಪ ಮೈಸೂರಿನ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿದ್ದವರು. ಮೀಟರ್ ಗೇಜಿನ ಕಾಲದಿಂದ ಬೋಗಿಗಳ ಗಾಲಿ ಕೆಳಗೆ ಅರ್ಧ ಆಯುಷ್ಯ ಕಳೆದವರು. ಊರಿನಲ್ಲಿ ಅವರ ಹೆಸರಿಗಿಂತ ‘ರೈಲ್ವೆ’ ಎಂದರೇ ಬೇಗ ಗೊತ್ತಾಗುತ್ತದೆ. ಅವರು ಟೈರಿನ ಕಡೆ ನೋಡಲೇ ಇಲ್ಲ. ಹೊರಚಕ್ರದ ನಟ್ಟುಗಳ ಕಡೆ ಬಗ್ಗಿ ನೋಡಿ, ಎರಡು ನಟ್ಟುಗಳ ಬುಡದಿಂದ ಹೊರಟಿದ್ದ ಕೆಂಪು ಗೀರಿನ ಮೇಲೆ ಬೆರಳು ಇಟ್ಟರು. ಎಲೆಯಡಿಕೆ ಉಗುಳಿದ ಹಾಗೆ ತುಕ್ಕಿನ ಪುಡಿ ಹರಿದಿತ್ತು.

“ಇದ್ಯಾಕ್ಲಾ ಹಿಂಗ್ ಅಳ್ತಾ ಅದ?” ಎಂದು ಭಾವಮೈದನನ್ನು ಕೇಳಿದರು.

“ಮಳೆಗ ತುಕ್ಕು ಹಿಡ್ದದ ದೊಡ್ಡಪ್ಪ.”

“ಮಳೆಗಾದ್ರ ಹತ್ತು ನಟ್ಟೂ ಹಿಡೀಬೇಕು. ಎರಡೇ ಯಾಕ ಹಿಡೀತು? ಇವೆರಡು ಸಡ್ಲ ಆಗಿವೆ. ಡಿಸ್ಕು ಒಳಗೊಳಗೇ ಆಡ್ತಾ ಅದ. ಗಾಳಿ ಹಿಡಿಸಿ ನೋಡ್ದಾಗ ಗಾಡಿ ಮ್ಯಾಲ ಹೊರೆ ಇತ್ತೋ, ಜಾಕಿ ಮ್ಯಾಲ ಇತ್ತೋ?”

ಜಾಕಿ ಮೇಲೆ ಎಂದೆವು. ದೊಡ್ಡಪ್ಪ ನಕ್ಕರು. “ಮಲಗಿರೋನ ಕುಂಟು ಗೊತ್ತಾಯ್ತದೇನ್ಲಾ?”

ಅವರು ಕೇಳಿದ ಪ್ರಶ್ನೆಯ ಹಿಂದೆ ಒಂದು ದೊಡ್ಡ ಅನಾಹುತದ ಕತೆ ಇದೆ. 1842ರ ಮೇ 8ರಂದು ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ ಬರುತ್ತಿದ್ದ ರೈಲಿನ ಮುಂದಿನ ಇಂಜಿನ್ನಿನ ಅಚ್ಚು ಮ್ಯೂಡಾನ್ ಹತ್ತಿರ ಮುರಿಯಿತು. ಹಿಂದಿನ ಇಂಜಿನ್ನು, ಬೋಗಿಗಳು ಅದರ ಮೇಲೆ ಹತ್ತಿ ಬೆಂಕಿ ಹತ್ತಿಕೊಂಡಿತು. ಆ ಕಾಲದ ಪದ್ಧತಿಯಂತೆ ಬೋಗಿಗಳಿಗೆ ಹೊರಗಿನಿಂದ ಬೀಗ. ಐವತ್ತಕ್ಕೂ ಹೆಚ್ಚು ಜನ ಸತ್ತರು. ಅಂಟಾರ್ಕ್ಟಿಕದವರೆಗೆ ಹಡಗು ನಡೆಸಿ ಜೀವಸಹಿತ ಬಂದಿದ್ದ ನಾವಿಕ ದ್ಯೂಮೋಂ ದ್ಯುರ್ವಿಲ್ ಹೆಂಡತಿ ಮಗನೊಂದಿಗೆ ಸತ್ತದ್ದು ಇಲ್ಲೇ.

ಒಳ್ಳೆಯ ಕಬ್ಬಿಣದ ಅಚ್ಚು, ದಿನವೂ ಅಷ್ಟೇ ಭಾರ ಹೊರುತ್ತಿದ್ದದ್ದು, ಒಂದು ದಿನ ಇದ್ದಕ್ಕಿದ್ದಂತೆ ಮುರಿಯುವುದು ಹೇಗೆ? ಓಡಿ ಓಡಿ ಕಬ್ಬಿಣದ ಒಳಗಿನ ನಾರು ಹೋಗಿ ಅದು ಕಲ್ಲುಸಕ್ಕರೆಯಂತೆ ಹರಳಾಗುತ್ತದೆ ಎಂದು ಆಗಿನವರು ನಂಬಿದ್ದರು. ಮಾರನೇ ವರ್ಷ ಇಪ್ಪತ್ತರ ಹರೆಯದ ಹುಡುಗ ವಿಲಿಯಂ ರ‍್ಯಾಂಕಿನ್, ಮುರಿದ ಅಚ್ಚುಗಳನ್ನು ನೋಡಿ ಹಾಗಲ್ಲ ಎಂದ. ಅಚ್ಚಿನ ದಪ್ಪ ಬದಲಾಗುವ ಮೂಲೆಯಲ್ಲಿ, ಮೇಲ್ಮೈಯಲ್ಲಿ ಒಂದು ಕೂದಲೆಳೆಯ ಬಿರುಕು ಹುಟ್ಟುತ್ತದೆ. ಅದು ದಿನದಿನವೂ ಒಳಕ್ಕೆ ಸರಿಯುತ್ತದೆ. ಉಳಿದ ಕಬ್ಬಿಣ ಭಾರ ತಾಳದಷ್ಟು ಕಡಿಮೆಯಾದ ದಿನ ಮುರಿಯುತ್ತದೆ.

ಇದನ್ನು ಅಳತೆಗೆ ತಂದವನು ಪ್ರಶ್ಯದ ರೈಲ್ವೆ ಇಂಜಿನಿಯರ್ ಆಗಸ್ಟ್ ವೋಲರ್. ಆತ ಮೊದಲು ಓಡುವ ರೈಲಿನ ಅಚ್ಚು ಎಷ್ಟು ಬಾಗುತ್ತದೆ ಎಂದು ಅಳೆದ. ಆಮೇಲೆ ಅಚ್ಚಿನ ತುಂಡುಗಳನ್ನು ಯಂತ್ರಕ್ಕೆ ಕಟ್ಟಿ, ಭಾರ ತೂಗುಹಾಕಿ, ಮುರಿಯುವವರೆಗೂ ಸುತ್ತಿಸಿ, ಸುತ್ತುಗಳನ್ನು ಎಣಿಸಿದ. ವರ್ಷಗಟ್ಟಲೆ ನಡೆದ ಈ ಎಣಿಕೆ ಮುಗಿದದ್ದು 1870ರಲ್ಲಿ. ಒಂದೇ ಸಲ ಹೇರಿದರೆ ಕಬ್ಬಿಣ ಸುಲಭವಾಗಿ ತಾಳುವ ಭಾರವನ್ನೇ ಲಕ್ಷಾಂತರ ಸಲ ಹೇರಿ ಇಳಿಸಿದರೆ ಅದು ಮುರಿಯುತ್ತದೆ. ಎಷ್ಟು ಭಾರ ಎನ್ನುವುದಕ್ಕಿಂತ ಎಷ್ಟರಿಂದ ಎಷ್ಟಕ್ಕೆ ಏರಿಳಿಯುತ್ತದೆ, ಎಷ್ಟು ಸಲ ಎನ್ನುವುದೇ ಮುಖ್ಯ. ಲೋಹದ ದಣಿವು ಎಂದು ಇವತ್ತು ಪುಸ್ತಕಗಳಲ್ಲಿ ಓದುವುದು ಇದನ್ನೇ.

ಈ ಲೆಕ್ಕ ನಮ್ಮ ಟ್ರೈಲರಿಗೂ ಹಾಕಬಹುದು. ಅದರ ಚಕ್ರ ಒಂದು ಸುತ್ತಿಗೆ ಮೂರೂಕಾಲು ಮೀಟರು ಹೋಗುತ್ತದೆ, ಅಂದರೆ ಕಿಲೋಮೀಟರಿಗೆ ಸುಮಾರು 300 ಸುತ್ತು. ಒಂದು ಲಕ್ಷ ಕಿಲೋಮೀಟರ್ ಓಡಿದ ಡಿಸ್ಕು 3 ಕೋಟಿ ಸಲ ಬಾಗಿ ನೆಟ್ಟಗಾಗಿದೆ. ನಟ್ಟು ಬಿಗಿಯಾಗಿದ್ದಾಗ ಹತ್ತೂ ಬೋಲ್ಟುಗಳು ಸೇರಿ ಡಿಸ್ಕನ್ನು ಹಬ್ಬಿಗೆ ಅವಚಿ ಹಿಡಿದಿರುತ್ತವೆ, ಬಾಗು ಕಡಿಮೆ. ಎರಡು ಸಡಿಲವಾದರೆ ಆ ಮಗ್ಗುಲಿನ ಬಾಗು ಹೆಚ್ಚು. ಜೊತೆಗೆ ಕರಿಕಲ್ಲಿನ ದಿಮ್ಮಿ ಒಂದು ಬದಿಗೆ ವಾಲಿ ಕೂತಿದ್ದರೆ ಕೇಳುವುದೇ ಬೇಡ.

ದೊಡ್ಡಪ್ಪ ಗಾಡಿಯನ್ನು ಹೊರೆ ಸಮೇತ ಸಮತಟ್ಟು ಜಾಗಕ್ಕೆ ತರಿಸಿದರು. ಗಾಳಿ ಪೂರ್ತಿ ಹಿಡಿಸಿದರು. ಉಳಿದ ಚಕ್ರಗಳಿಗೆ ಮುಂದೂ ಹಿಂದೂ ಕಲ್ಲು ಕೊಡಿಸಿ, ಬಕೆಟ್ಟಿನಲ್ಲಿ ಶಾಂಪೂ ನೀರು ಕಲೆಸಿದರು. ಸೋಪಿನ ಪುಡಿಯ ನೊರೆ ಬೇಗ ಒಡೆಯುತ್ತದೆ, ಶಾಂಪೂವಿನದು ನಿಂತು ತೋರಿಸುತ್ತದೆ ಎಂಬುದು ಅವರ ಅನುಭವ. ಒಳಚಕ್ರದ ಬಳೆಯ ಮೇಲೆಲ್ಲ ನೀರು ಸುರಿದು ಟಾರ್ಚು ಬಿಟ್ಟು ನೋಡಿದರು. ಇಲ್ಲ. ಎಲ್ಲರನ್ನೂ ದೂರ ಸರಿಸಿ ಗಾಡಿಯನ್ನು ಚಕ್ರದ ಕಾಲು ಸುತ್ತಿನಷ್ಟು ಮುಂದಕ್ಕೆ ತೆಗೆಸಿ, ಮತ್ತೆ ಕಲ್ಲು ಕೊಡಿಸಿ, ಮತ್ತೆ ನೀರು. ಇಲ್ಲ. ಮತ್ತೆ ಕಾಲು ಸುತ್ತು.

ಮೂರನೇ ನಿಲುಗಡೆಯಲ್ಲಿ ಬಂತು. ಡಿಸ್ಕಿನ ನಡುವಿನ ತಟ್ಟೆ ಹೊರಬಳೆಗೆ ಬೆಸುಗೆಯಾಗಿರುವ ಸಂದಿನಲ್ಲಿ, ಸಾಸಿವೆ ಕಾಳಿನಂಥ ಗುಳ್ಳೆಗಳ ಒಂದು ಸಾಲು. ಮಿಣಮಿಣ ಏಳುತ್ತಿದ್ದವು. ಕಾಕಾ ನೆಲದ ಮೇಲೆ ಮಲಗಿ ಕುತ್ತಿಗೆ ತಿರುಗಿಸಿ ನೋಡಿ “ಯಾ ಅಲ್ಲಾ” ಎಂದರು. ಇನ್ನರ್ಧ ಸುತ್ತು ತಿರುಗಿದ ಮೇಲೆ ಅದೇ ಜಾಗ ಮೇಲಕ್ಕೆ ಬಂತು. ಗುಳ್ಳೆ ನಿಂತುಹೋಯಿತು. ಭಾರ ತನ್ನ ಮೇಲೆ ಬಿದ್ದಾಗ ಮಾತ್ರ ಬಾಯಿ ಬಿಡುವ ಬಿರುಕು! ರಾತ್ರಿ ಗಾಡಿ ನಿಂತಾಗ ಆ ಮಗ್ಗುಲು ಕೆಳಗಾದರೆ ಬೆಳಿಗ್ಗೆ ಗಾಳಿ ಇಲ್ಲ. ಮೇಲಾದರೆ ಇದೆ. ನಡುವೆ ಒಂದೆರಡು ರಾತ್ರಿ ಗಾಳಿ ಸ್ವಲ್ಪವೂ ಇಳಿಯದೆ ನಿಂತಿದ್ದದ್ದು ಯಾಕೆಂದು ಭಾವಮೈದನಿಗೆ ಆಗ ಹೊಳೆಯಿತು.

ಗುಳ್ಳೆ ಬಂದ ಜಾಗ ಗೊತ್ತಾಯಿತು. ಬಿರುಕು ಎಷ್ಟು ಉದ್ದ, ಎಲ್ಲಿಂದ ಎಲ್ಲಿಗೆ ಎನ್ನುವುದು ಗೊತ್ತಾಗಲಿಲ್ಲ. ಹೊರೆ ಇಳಿಸಿ, ಗಾಳಿ ಬಿಟ್ಟು, ಚಕ್ರ ಕಳಚಿ, ಟೈರು ತೆಗೆದು, ಆ ಜಾಗವನ್ನು ಬಣ್ಣ ಹೋಗುವ ಹಾಗೆ ಉಜ್ಜಿದರೂ ಕಣ್ಣಿಗೆ ಏನೂ ಕಾಣಲಿಲ್ಲ. “ಸೀಮೆಎಣ್ಣೆ ತನ್ನಿ, ಸೀಮೆಸುಣ್ಣ ತನ್ನಿ,” ಅಂದರು ದೊಡ್ಡಪ್ಪ. ಸೀಮೆಎಣ್ಣೆ ಈಗ ಯಾರ ಮನೆಯಲ್ಲಿದೆ? ಡೀಸೆಲ್ಲೇ ಆಗಬಹುದು ಎಂದು ಒಪ್ಪಿಕೊಂಡರು. ಸೀಮೆಸುಣ್ಣ ಶಾಲೆಯಿಂದ ಬಂತು. ಕೊಟ್ಟ ಮೇಷ್ಟ್ರು, “ಕೆಲಸಕ್ಕೆ ಬಾರದ ಡಿಸ್ಕ್ ಆದ್ರೆ ನಮಗೇ ಕೊಡಿ, ಗಂಟೆಗೆ ಕಟ್ಟಿಕೊಳ್ತೀವಿ,” ಎಂದು ಹೇಳಿ ಕಳಿಸಿದರು.

ದೊಡ್ಡಪ್ಪ ಆ ಜಾಗಕ್ಕೆ ಡೀಸೆಲ್ ಬಳಿದು ಒಂದು ಬೀಡಿ ಸೇದುವಷ್ಟು ಹೊತ್ತು ಬಿಟ್ಟರು. ಬೀಡಿಯನ್ನು ರಸ್ತೆಯ ಆಚೆ ಹೋಗಿ ಸೇದಿದರು ಎನ್ನುವುದನ್ನೂ ಹೇಳಿಬಿಡುತ್ತೇನೆ. ಬಂದು, ಒಣಬಟ್ಟೆಯಿಂದ ಮೇಲಿನ ಡೀಸೆಲ್ಲನ್ನೆಲ್ಲ ಪಸೆ ಇಲ್ಲದಂತೆ ಒರೆಸಿದರು. ಸೀಮೆಸುಣ್ಣವನ್ನು ಕುಟ್ಟಿ ಪುಡಿ ಮಾಡಿ ತೆಳ್ಳಗೆ ಉದುರಿಸಿದರು. ಆಮೇಲೆ ಡಿಸ್ಕಿನ ಇನ್ನೊಂದು ಮಗ್ಗುಲಿಗೆ ಸುತ್ತಿಗೆಯಿಂದ ಮೆಲ್ಲಗೆ ನಾಲ್ಕು ಏಟು. ಬಿಳಿ ಪುಡಿಯ ಮೇಲೆ, ನಮ್ಮ ಕಣ್ಣ ಮುಂದೆಯೇ, ಒಂದು ಕಪ್ಪು ಗೆರೆ ಮೂಡಿತು. ಬೆಸುಗೆಯ ಅಂಚಿಗೇ ಅಂಟಿಕೊಂಡು ಗೇಣುದ್ದ ಹೋಗಿ, ಕೊನೆಯಲ್ಲಿ ಬಳೆಯ ಕಡೆ ಒಂದು ಬೆರಳಗಲ ತಿರುಗಿತ್ತು. ನೆರೆದಿದ್ದ ಹುಡುಗರು ಜಾದೂ ನೋಡಿದಂತೆ ಹೋ ಎಂದರು.

ಬಿರುಕಿನ ಒಳಗೆ ಇಳಿದ ಎಣ್ಣೆಯನ್ನು ಬಟ್ಟೆ ಒರೆಸಲಾರದು. ಒಣ ಪುಡಿ ಅದನ್ನು ಹೀರಿ ಮೇಲೆ ತರುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ರೈಲ್ವೆ ಕಾರ್ಖಾನೆಗಳಲ್ಲಿ ಇದು ಬಳಕೆಯಲ್ಲಿತ್ತು. ಇಂಜಿನ್ನಿನ ಕೊಳಕು ಎಣ್ಣೆಯನ್ನು ಸೀಮೆಎಣ್ಣೆಯಲ್ಲಿ ತೆಳ್ಳಗೆ ಮಾಡಿ ಅದರಲ್ಲಿ ಭಾಗಗಳನ್ನು ಅದ್ದಿ, ಒರೆಸಿ, ಸುಣ್ಣದ ಪುಡಿ ಬಳಿದು, ಸುತ್ತಿಗೆಯಿಂದ ತಟ್ಟುತ್ತಿದ್ದರು. ಇದನ್ನು ಮೊದಲು ಮಾಡಿದವನ ಹೆಸರು ಚರಿತ್ರೆಯಲ್ಲಿ ಉಳಿದಿಲ್ಲ. ನನ್ನ ಊಹೆ: ಎಣ್ಣೆ ಮೆತ್ತಿದ ಯಾವುದೋ ಗಾಲಿ ಸುಣ್ಣದ ಧೂಳಿನಲ್ಲಿ ಬಿದ್ದಿತ್ತು, ಯಾವನೋ ಫಿಟ್ಟರು ಅದನ್ನು ಎರಡನೇ ಸಲ ನೋಡಿದ. ಎಣ್ಣೆಯೂ ಸೀಮೆಯದು, ಸುಣ್ಣವೂ ಸೀಮೆಯದು. ಉಪಾಯವೂ ಸೀಮೆಯದೇ, ರೈಲಿನ ಜೊತೆ ಹಡಗಿನಲ್ಲಿ ಇಳಿದದ್ದು.

ಎರಡನೇ ಸಲ ನೋಡಿದವರ ಕತೆಗಳು ಇನ್ನೆರಡು ಇವೆ, ಅವರ ಹೆಸರುಗಳು ಉಳಿದಿವೆ. 1920ರ ದಶಕದ ಆರಂಭದಲ್ಲಿ ಅಮೆರಿಕದ ವಿಲಿಯಂ ಹೋಕ್, ನಿಖರ ಅಳತೆಯ ಉಕ್ಕಿನ ತುಂಡುಗಳನ್ನು ಅಯಸ್ಕಾಂತದ ಹಿಡಿಕೆಯಲ್ಲಿ ಕಚ್ಚಿಸಿ ಸಾಣೆ ಹಿಡಿಯುತ್ತಿದ್ದಾಗ, ಉದುರಿದ ಕಬ್ಬಿಣದ ಪುಡಿ ಕೆಲವು ತುಂಡುಗಳ ಮೇಲೆ ಗೆರೆಯಾಗಿ ನಿಲ್ಲುವುದನ್ನು ಕಂಡ. ಒರೆಸಿದರೂ ಮತ್ತೆ ಅಲ್ಲೇ. ಆ ಗೆರೆಯ ಕೆಳಗೆ ಬಿರುಕು ಇತ್ತು. ಬಿರುಕಿನ ಎರಡು ದಡಗಳು ಎರಡು ಪುಟ್ಟ ಅಯಸ್ಕಾಂತಗಳಾಗಿ ಪುಡಿಯನ್ನು ಸೆಳೆದಿದ್ದವು. ಹೋಕ್ ಪೇಟೆಂಟ್ ಮಾಡಿಸಿ ಸುಮ್ಮನಾದ. ಆಲ್ಫ್ರೆಡ್ ಡಿ ಫಾರೆಸ್ಟ್ ಅದನ್ನು ಕೈಗೆತ್ತಿಕೊಂಡು, ಇನ್ನೊಬ್ಬನ ಜೊತೆ ಸೇರಿ 1934ರಲ್ಲಿ ಮ್ಯಾಗ್ನಾಫ್ಲಕ್ಸ್ ಎಂಬ ಕಂಪನಿ ಕಟ್ಟಿದ.

ಇನ್ನೊಂದು ಕತೆ ಕ್ಯಾಲಿಫೋರ್ನಿಯದ ಬರ್ಕ್ಲಿಯದು. ರಾಬರ್ಟ್ ಸ್ವಿಟ್ಜರ್ ಎಂಬ ಹುಡುಗನಿಗೆ 1933ರಲ್ಲಿ ಕೆಲಸದ ಜಾಗದಲ್ಲಿ ಬಿದ್ದು ತಲೆಗೆ ಪೆಟ್ಟಾಯಿತು, ದೃಷ್ಟಿ ಕೆಟ್ಟಿತು. ಕತ್ತಲ ಕೋಣೆಯಲ್ಲಿ ಇರಬೇಕೆಂದು ಡಾಕ್ಟರು ಹೇಳಿದರು. ಕತ್ತಲಲ್ಲಿ ಹೊತ್ತು ಹೋಗದೆ, ತಮ್ಮ ಜೋಸೆಫನ ಜೊತೆ ಅಪ್ಪನ ಔಷಧಿ ಅಂಗಡಿಯಲ್ಲಿ ಅತಿನೇರಳೆ ದೀಪ ಹಿಡಿದು ಯಾವ ಸೀಸೆ ಹೊಳೆಯುತ್ತದೆ ಎಂದು ಹುಡುಕುವ ಆಟ ಹೂಡಿದ. ಆ ಹೊಳೆಯುವ ಬಣ್ಣವನ್ನು ಎಣ್ಣೆಗೆ ಬೆರೆಸಿ ಬಿರುಕಿಗೆ ಇಳಿಸುವ ಉಪಾಯಕ್ಕೆ 1941ರಲ್ಲಿ ಪೇಟೆಂಟ್ ಸಿಕ್ಕಿತು. ದೊಡ್ಡಪ್ಪನ ಡೀಸೆಲ್ ವಿದ್ಯೆಯೇ, ಕತ್ತಲಲ್ಲಿ ಮಿನುಗುತ್ತದೆ ಅಷ್ಟೆ. ಅಲ್ಯೂಮಿನಿಯಂ ಡಿಸ್ಕುಗಳಿಗೆ ಅಯಸ್ಕಾಂತ ನಡೆಯುವುದಿಲ್ಲವಾದ್ದರಿಂದ ಅವುಗಳ ಬಿರುಕು ಹುಡುಕಲು ಈ ಬಣ್ಣದ ಎಣ್ಣೆ ಕೈಹಿಡಿಯುತ್ತದೆ.

1984ರ ಸೆಪ್ಟೆಂಬರ್ 15ರಂದು ಲೋಕಾರ್ಪಣೆಯಾದ ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ಈ ಎರಡೂ ಕತೆಗಳು ಒಟ್ಟಿಗೆ ಸೇರುತ್ತವೆ. ಎರಕ ಹೊಯ್ದ ಗಾಲಿಯನ್ನು ಅಯಸ್ಕಾಂತವಾಗಿಸಿ, ಹೊಳೆಯುವ ಕಬ್ಬಿಣದ ಪುಡಿ ಬೆರೆತ ದ್ರವ ಹೊಯ್ದು, ಅತಿನೇರಳೆ ಬೆಳಕಿನಲ್ಲಿ ನೋಡುತ್ತಾರೆ. ಮೈಯೊಳಗಿನ ದೋಷಕ್ಕೆ ಕಿವಿಗೆ ಕೇಳದ ಶಬ್ದವನ್ನು ಹಾಯಿಸಿ ಮಾರ್ದನಿ ಕೇಳುತ್ತಾರೆ. ಮಾರ್ದನಿಯ ವಿದ್ಯೆಯೂ ನಮಗೆ ಹೊಸದಲ್ಲ. ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡದೆ ಕಾಸು ಬಿಚ್ಚುವುದಿಲ್ಲ. ನಂಜನಗೂಡಿನ ದೊಡ್ಡ ಜಾತ್ರೆಯ ಐದು ತೇರುಗಳು ಹೊರಡುವ ಮೊದಲು ಗಾಲಿ ಅಚ್ಚು ನೋಡುವವರ ಕೈಯಲ್ಲೂ ಸುತ್ತಿಗೆ ಇದ್ದರೆ ಅದು ಅಲಂಕಾರಕ್ಕಲ್ಲ.

ಬಿರುಕು ಸಿಕ್ಕಿತು. ಈಗ ಜಗಳ ಶುರುವಾಯಿತು. ಭಾವಮೈದ, “ಒಂದು ವೆಲ್ಡಿಂಗ್ ಹೊಡೆಸಿದ್ರೆ ಆಯ್ತದಲ್ಲ,” ಎಂದ. ಹೊಸ ಡಿಸ್ಕಿನ ಬೆಲೆ ನೆನೆಸಿಕೊಂಡರೆ ಯಾರಾದರೂ ಹಾಗೇ ಅನ್ನುತ್ತಾರೆ. ಅಲ್ಲಿದ್ದವರಲ್ಲಿ ಒಬ್ಬ ಇನ್ನೂ ಮುಂದೆ ಹೋಗಿ, ಟೈರು ಬಿಚ್ಚುವುದೂ ಬೇಡವಿತ್ತು, ಗಾಳಿ ಬಿಟ್ಟು ಹಾಗೇ ಬೆಸೆಯಬಹುದಿತ್ತು ಎಂದ. ಸದಾ ನಗುವ ಕಾಕಾ ಅವತ್ತು ಸಿಟ್ಟಾದದ್ದನ್ನು ಮೊದಲ ಸಲ ನೋಡಿದೆ. “ಜೀವ ಬೇಡವಾ ನಿಂಗೆ?” ಎಂದು ಅವನನ್ನು ಅಂಗಡಿಯಿಂದ ಆಚೆ ಕಳಿಸಿದರು.

ಕಾಕಾ ಸರಿ. ಟೈರು ಇರುವಾಗ ಡಿಸ್ಕಿಗೆ ಬೆಂಕಿ ತೋರಿಸಿದರೆ ಒಳಗಿನ ರಬ್ಬರು ಬೆಂದು ಹತ್ತಿಕೊಳ್ಳುವ ಅನಿಲ ಬಿಡುತ್ತದೆ. ಮುಚ್ಚಿದ ಜಾಗದಲ್ಲಿ ಆ ಅನಿಲ ತುಂಬಿ, ತಾನೇ ಹೊತ್ತಿ, ಟೈರು ಬಾಂಬಿನಂತೆ ಸಿಡಿಯುತ್ತದೆ. ಬೆಸುಗೆ ಮುಗಿದು ನಿಮಿಷಗಳಾದ ಮೇಲೂ ಸಿಡಿಯಬಹುದು. ವಾಲ್ವಿನ ಪಿನ್ನು ತೆಗೆದಿದ್ದೇವೆ ಎಂಬ ಧೈರ್ಯ ಕೆಲಸಕ್ಕೆ ಬಾರದು. ಟೈರು ತೆಗೆದೇ ಬೆಸೆದರೂ ಬೆಸುಗೆಯ ಕಾವಿಗೆ ಪಕ್ಕದ ಉಕ್ಕಿನ ಹದ ಕೆಡುತ್ತದೆ. ಹೊಸ ಬಿರುಕು ಆ ಅಂಚಿನಿಂದಲೇ ಹೊರಡುತ್ತದೆ. ರ‍್ಯಾಂಕಿನ್ ಹೇಳಿದ ಮೂಲೆಯನ್ನು ನಾವೇ ದುಡ್ಡು ಕೊಟ್ಟು ಮಾಡಿಸಿಕೊಂಡಂತೆ.

ದೊಡ್ಡಪ್ಪ ವಾದಕ್ಕೆ ಇಳಿಯಲಿಲ್ಲ. ಡಿಸ್ಕಿನ ಬೋಲ್ಟಿನ ತೂತುಗಳೊಳಗೆ ಬೆರಳು ಹಾಕಿ ತಿರುಗಿಸಿ, “ನೀನೇ ನೋಡ್ಲಾ,” ಎಂದರು. ಎಂಟು ತೂತು ದುಂಡಗಿದ್ದವು. ಎರಡು ಹುಣಸೆ ಬೀಜದ ಹಾಗೆ ಅಗಲಿಸಿದ್ದವು. ಆ ಎರಡರ ನೇರಕ್ಕೇ ಕಪ್ಪು ಗೆರೆ ಇತ್ತು. ಎಂದೋ ಸ್ಟೆಪ್ನಿ ಬದಲಿಸುವಾಗ ನಟ್ಟು ಕೂರುವ ಜಾಗದ ಮಣ್ಣು ಒರೆಸದೆ, ದಪ್ಪ ಬಣ್ಣ ಕೆರೆಯದೆ ಬಿಗಿದಿದ್ದಾರೆ. ನೂರು ಕಿಲೋಮೀಟರ್ ಓಡಿದ ಮೇಲೆ ಮಣ್ಣು, ಬಣ್ಣ ಅರೆದುಹೋಗಿ ಬಿಗಿ ತಪ್ಪಿದೆ. ಮತ್ತೆ ಯಾರೂ ಬಿಗಿದಿಲ್ಲ. ಭಾವಮೈದ ತಲೆ ತಗ್ಗಿಸಿದ. ಸ್ಟೆಪ್ನಿ ಬದಲಿಸಿದವನು ಅವನೇ, ನನ್ನ ತಂಗಿಯ ಮಗುವಿನ ಜಾವಳಕ್ಕೆ ತಡವಾಗುತ್ತದೆ ಎಂದು ಅವಸರದಲ್ಲಿ.

ಹೊಸ ಡಿಸ್ಕು ಬಂತು. ಹಾಕಿದ ದಿನ ಬಿಗಿದ ನಟ್ಟುಗಳನ್ನು ನೂರು ಕಿಲೋಮೀಟರ್ ಮುಗಿಯುವುದರೊಳಗೆ ಅವನು ಮತ್ತೊಮ್ಮೆ ಬಿಗಿದ. ಈಗ ಪ್ರತಿ ನಟ್ಟಿನಿಂದ ಡಿಸ್ಕಿನವರೆಗೆ ಒಂದೊಂದು ಬಿಳಿ ಬಣ್ಣದ ಗೆರೆ ಎಳೆದಿಟ್ಟಿದ್ದಾನೆ. ಗೆರೆ ಮುರಿದು ಕಂಡರೆ ನಟ್ಟು ತಿರುಗಿದೆ ಎಂದರ್ಥ. ಬೆಳಗಿನ ಪ್ರದಕ್ಷಿಣೆಗೆ ಸುತ್ತಿಗೆಯ ಜೊತೆ ಟಾರ್ಚೂ ಸೇರಿದೆ.

ಮೇಷ್ಟ್ರು ಕೇಳಿದ್ದರಲ್ಲ, ಹಳೆಯ ಡಿಸ್ಕನ್ನು ಶಾಲೆಗೆ ಹೊತ್ತುಕೊಂಡು ಹೋದೆವು. ಬೇವಿನ ಕೊಂಬೆಗೆ ಸರಪಳಿಯಲ್ಲಿ ತೂಗುಹಾಕಿ, ಒಬ್ಬ ಹುಡುಗ ಕಬ್ಬಿಣದ ಸಲಾಕೆಯಿಂದ ಜೋರಾಗಿ ಬಾರಿಸಿದ. ಠಣ್ ಎನ್ನಲಿಲ್ಲ. ಒಡಕು ಮಡಕೆಯ ಹಾಗೆ ಜರ್ ಎಂದಿತು. ಇನ್ನೊಂದು ಮಗ್ಗುಲಿಗೆ ಬಾರಿಸಿದ, ಅದೇ. ಮೇಷ್ಟ್ರು ಕಿವಿಗೊಟ್ಟು ಕೇಳಿ ತಲೆ ಅಲ್ಲಾಡಿಸಿದರು. ಯಾರೂ ಮತ್ತೆ ಗಾಡಿಗೆ ಹಾಕಬಾರದೆಂದು ಗ್ಯಾಸ್ ಕಟ್ಟರಿನಲ್ಲಿ ಎರಡು ಹೋಳು ಮಾಡಿಸಿ, ನರಸೀಪುರದ ಗುಜರಿಗೆ ತೂಕಕ್ಕೆ ಹಾಕಿದೆವು.